ಯಾವ ಪಟ್ಟಿಗೂ ಸೇರದ ಬಿರುಗಾಳಿ

1919ರ ಸೆಪ್ಟೆಂಬರ್ 14, ಭಾನುವಾರ. ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿ ಊರಿಗೆ ಸಮುದ್ರ ನುಗ್ಗಿತು. ಆರು ವರ್ಷದ ಬಾಬ್ ಸಿಂಪ್ಸನ್‌ನ ಮನೆಮಂದಿ ಈಜುತ್ತ ಕೋರ್ಟ್ ಕಟ್ಟಡದ ಕಡೆ ಹೊರಟರು. ಆಗಷ್ಟೇ ಕರಿದ ಡೋನಟ್‌ಗಳ ಕಾಗದದ ಚೀಲವನ್ನು ಅಮ್ಮ ಮೇಲೆತ್ತಿ ಹಿಡಿದಿದ್ದಳು. ಕೈ ಸೋತು ಇಳಿಯುತ್ತ ಬಂತು, ಚೀಲ ನೀರುಪಾಲಾಯಿತು. ಆ ಹುಡುಗ ದೊಡ್ಡವನಾಗಿ ಚಂಡಮಾರುತಗಳ ಬೆನ್ನು ಹತ್ತಿದ.

ಅದೇ ವರ್ಷ ನಾರ್ವೆಯ ಬರ್ಗೆನ್‌ನಲ್ಲಿ ತರುಣ ಯಾಕೋಬ್ ಬ್ಯರ್ಕ್ನೆಸ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದ. ಉತ್ತರದ ಬಿರುಗಾಳಿಗಳೊಳಗೆ ತಂಪು ಗಾಳಿಯೂ ಬಿಸಿ ಗಾಳಿಯೂ ಮುಖಾಮುಖಿಯಾಗುವ ಗಡಿಗಳಿರುತ್ತವೆ ಎಂಬುದು ಅವನ ಶೋಧ. ಮುಂದಿನ ದಶಕಗಳಲ್ಲಿ ವಿಂಗಡಣೆ ಸಲೀಸಾಯಿತು: ಬೆಚ್ಚಗಿನ ಕಡಲಿನಿಂದ ಬಲ ಪಡೆದದ್ದು ಉಷ್ಣವಲಯದ್ದು, ಗಾಳಿಗಳ ಗುದ್ದಾಟದಿಂದ ಎದ್ದದ್ದು ಉತ್ತರದ್ದು. ಮೂರನೆಯದಕ್ಕೆ ಜಾಗವಿರಲಿಲ್ಲ.

1940ರ ದಶಕದ ಕೊನೆಗೆ ಸಿಂಪ್ಸನ್ ಹವಾಯಿಯಲ್ಲಿದ್ದ. ಅಲ್ಲಿ ವರ್ಷದ ಬಹುಪಾಲು ಈಶಾನ್ಯದಿಂದ ಬೀಸುವ ಗಾಳಿ ಚಳಿಗಾಲದಲ್ಲಿ ಕೆಲವೊಮ್ಮೆ ಥಟ್ಟನೆ ದಿಕ್ಕು ಬದಲಿಸಿ, ಸದಾ ಒಣಗಿರುವ ದಂಡೆಗೆ ಮಳೆ ಸುರಿಯುತ್ತಿತ್ತು. ದ್ವೀಪದವರಿಗೆ ಅದು ಹಳೆಯ ಪರಿಚಯದ ಕೋನಾ ಬಿರುಗಾಳಿ. ಸಿಂಪ್ಸನ್ ನಕ್ಷೆ ಹರವಿ ಕೂತರೆ ಲೆಕ್ಕ ಕೂಡುತ್ತಿರಲಿಲ್ಲ. ನಡುಭಾಗ ತಣ್ಣಗಿತ್ತು, ಜೋರು ಗಾಳಿ, ಮಳೆ ಎರಡೂ ಕೇಂದ್ರದಿಂದ ಬಹುದೂರ. ಉಷ್ಣವಲಯದ್ದಲ್ಲ ಎಂದು ಬದಿಗಿಡೋಣವೆಂದರೆ, ಕೆಲವು ಬಿರುಗಾಳಿಗಳ ನಡುಭಾಗ ಬರಬರುತ್ತ ಬೆಚ್ಚಗಾಗುತ್ತಿತ್ತು! 1952ರಲ್ಲಿ ಅವನು ಅದನ್ನು ಉಪೋಷ್ಣವಲಯದ ಚಂಡಮಾರುತ ಎಂದೇ ಕರೆದು ಬರೆದ.

ಬರೆದದ್ದು ಕಚೇರಿಯ ರೂಢಿಗೆ ಇಳಿಯಲು ಇಪ್ಪತ್ತು ವರ್ಷ ಹಿಡಿಯಿತು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ಚಂಡಮಾರುತ ಕೇಂದ್ರ ಇಂಥದ್ದಕ್ಕೆ ಹೆಸರಿಟ್ಟಾಗ ಅಲ್ಲಿನ ನಿರ್ದೇಶಕ ಸಿಂಪ್ಸನ್ನೇ. ಹೆಸರನ್ನು ಮಾತ್ರ ಉಷ್ಣವಲಯದ ಚಂಡಮಾರುತಗಳ ಮಾಮೂಲಿ ಪಟ್ಟಿಯಿಂದ ಕೊಡಲಿಲ್ಲ. ವೈರ್‌ಲೆಸ್ ಅಕ್ಷರಮಾಲೆಯಿಂದ ‘ಆಲ್ಫಾ’ ಎಂದಿಟ್ಟರು. ಅರೆಮನಸ್ಸಿನ ನಾಮಕರಣ. ಸ್ವಲ್ಪ ಕಾಲದಲ್ಲೇ ಅದೂ ಹೋಗಿ ಬರೀ ಸಂಖ್ಯೆ ಬಂತು.

ಉಪಗ್ರಹ ಚಿತ್ರಗಳು ಬಂದ ಮೇಲೆ ಹೊಸ ಪೇಚು. ಮೋಡದ ಆಕಾರ ನೋಡಿ ಚಂಡಮಾರುತದ ಬಲ ಅಳೆಯುವ ವಿಧಾನವೊಂದನ್ನು ವರ್ನನ್ ಡ್ವೊರಾಕ್ ಕಟ್ಟುತ್ತಿದ್ದ. ಕೇಂದ್ರದ ಸುತ್ತ ದಟ್ಟ ಮೋಡವಿಲ್ಲದ ಈ ಬಿರುಗಾಳಿಗಳಿಗೆ ಅದು ಒಗ್ಗಲಿಲ್ಲ. 1975ರಲ್ಲಿ ಪಾಲ್ ಹೆಬರ್ಟ್, ಕೆನ್ನೆತ್ ಪೊಟೀಟ್ ಇಬ್ಬರೂ ಸೇರಿ ಇವಕ್ಕೇ ಬೇರೆ ಅಳತೆಗೋಲು ಮಾಡಿದರು. ಮುಂದೆ 2003ರಲ್ಲಿ ರಾಬರ್ಟ್ ಹಾರ್ಟ್, ಪ್ರತಿ ಚಂಡಮಾರುತದ ಕೆಳಪದರ, ಮೇಲ್ಪದರಗಳ ಬಿಸಿ-ತಂಪನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ ತೋರಿಸಿದ. ಆ ನಕ್ಷೆಯಲ್ಲಿ ಎರಡು ಬಗೆಗಳ ನಡುವೆ ಗೋಡೆಯೇ ಇರಲಿಲ್ಲ.

ಒಗಟು ಬಿಡಿಸಿದರೆ ಇಷ್ಟೇ: ಎತ್ತರದಲ್ಲಿ ತಣ್ಣನೆಯ ಗಾಳಿಯ ಸುಳಿಯೊಂದು ಮೂಲ ಪ್ರವಾಹದಿಂದ ಕಳಚಿಕೊಂಡು ಕಡಲ ಮೇಲೆ ನಿಲ್ಲುತ್ತದೆ. ಮೇಲೆ ಅಷ್ಟು ತಂಪಿರುವುದರಿಂದ, ಉಷ್ಣವಲಯದ ಚಂಡಮಾರುತಕ್ಕೆ ಸಾಮಾನ್ಯವಾಗಿ ಬೇಕಾದ 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಲು ತಣ್ಣಗಿದ್ದರೂ ಗುಡುಗುಮೋಡ ಏಳುತ್ತದೆ. ಮೋಡ ಬಿಟ್ಟ ಶಾಖದಿಂದ ಕೆಳಭಾಗ ಬೆಚ್ಚಗಾದರೂ ಮೇಲ್ಭಾಗ ತಣ್ಣಗೇ ಇರುತ್ತದೆ. ಮಳೆ ಕೇಂದ್ರಕ್ಕೆ ಸರಿದು, ಬಿಸಿ ಮೇಲಿನವರೆಗೂ ಏರಿದರೆ ಅದೇ ಬಿರುಗಾಳಿ ಉಷ್ಣವಲಯದ್ದಾಗುತ್ತದೆ.

2002ರಲ್ಲಿ ಇವಕ್ಕೂ ಮಾಮೂಲಿ ಪಟ್ಟಿಯಿಂದಲೇ ಹೆಸರಿಡುವ ನಿಯಮ ಬಂತು. ಹಾಗೆ ಮೊದಲು ಹೆಸರು ಪಡೆದ ಗುಸ್ತಾವ್, ಕೆಲವೇ ದಿನಗಳಲ್ಲಿ ಪೂರ್ಣಪ್ರಮಾಣದ ಉಷ್ಣವಲಯದ ಚಂಡಮಾರುತ, ಅಂದರೆ ಹರಿಕೇನ್ ಆಯಿತು.