ಒಳಗಿದ್ದವರಿಗಾಗಿ ಬರೆದ ಬಾಗಿಲ ಬರಹ

ಬಾಗಿಲ ಮೇಲಿನ ಬರಹ ಹೊರಗಿನಿಂದ ಬರುವವರಿಗೆ ಕಾಣುವಂತಿರುವುದು ವಾಡಿಕೆ. ಜರ್ಮನಿಯ ಬುಖೆನ್‌ವಾಲ್ಡ್ ಸೆರೆಶಿಬಿರದ ಕಬ್ಬಿಣದ ಬಾಗಿಲಲ್ಲಿ ಅದು ತಿರುಗುಮುರುಗು. 'ಯಾರಿಗೆ ಯಾವುದು ತಕ್ಕದ್ದೋ ಅವರಿಗೆ ಅದು' ಎಂಬರ್ಥದ ಮಾತು ಒಳಗೆ ನಿಂತವರಿಗೆ ಮಾತ್ರ ನೆಟ್ಟಗೆ ಓದಲು ಸಿಗುತ್ತದೆ. ಹಾಜರಿಗಾಗಿ ಮೈದಾನದಲ್ಲಿ ತಾಸುಗಟ್ಟಲೆ ನಿಲ್ಲುತ್ತಿದ್ದ ಕೈದಿಗಳ ಕಣ್ಣೆದುರಿಗೇ ಅದು ಇರಬೇಕೆಂಬುದು ನಾಜಿಗಳ ಉದ್ದೇಶ.

ಆ ಅಕ್ಷರಗಳನ್ನು ರೂಪಿಸಿದವನೂ ಒಬ್ಬ ಕೈದಿಯೇ. ಹೆಸರು ಫ್ರಾಂಜ್ ಎರ್ಲಿಖ್. ಕಮ್ಯುನಿಸ್ಟ್, 'ಬೌಹೌಸ್' ಕಲಾಶಾಲೆಯಲ್ಲಿ ಕಲಿತವನು. ನಾಜಿಗಳ ಒತ್ತಡದಿಂದ 1933ರಲ್ಲಿ ಮುಚ್ಚಿಹೋದ ಆ ಶಾಲೆಯ ಶೈಲಿಯಲ್ಲೇ ಆತ ಅಕ್ಷರಗಳನ್ನು ಬರೆದ. ಕಾವಲಿನ ಎಸ್.ಎಸ್. ಪಡೆಗೆ ಅದರ ಗುರುತು ಹತ್ತಿದಂತಿಲ್ಲ. ಅಷ್ಟು ಮಟ್ಟಿಗೆ ಗೆದ್ದವನು ಕೈದಿಯೇ ಎನ್ನಬೇಕು.

ಶಿಬಿರ ಶುರುವಾದದ್ದು 1937ರ ಜುಲೈನಲ್ಲಿ. ಗಯಟೆ, ಷಿಲ್ಲರ್ ಬಾಳಿದ ವೈಮಾರ್ ನಗರದಿಂದ ಕೆಲವೇ ಕಿಲೋಮೀಟರು ದೂರದ ಗುಡ್ಡದ ಮೇಲೆ. ಕಾಡು ಕಡಿಯುವಾಗ ಒಂದು ಓಕ್ ಮರವನ್ನು ಮಾತ್ರ ಉಳಿಸಿದರು. ಕೈದಿಗಳ ಬಾಯಲ್ಲಿ ಅದು 'ಗಯಟೆಯ ಓಕ್'. 1944ರ ಆಗಸ್ಟಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋದ ಆ ಮರದ ಬುಡ ಇಂದಿಗೂ ಅಲ್ಲಿದೆ. ಎಂಟು ವರ್ಷಗಳಲ್ಲಿ ಇಲ್ಲಿಗೆ ಬಂದವರು ಸುಮಾರು 2,80,000; ಹಸಿವು, ದುಡಿಮೆ, ರೋಗ, ಗುಂಡಿಗೆ ಸತ್ತವರು ಸುಮಾರು 56,000.

1945ರ ಏಪ್ರಿಲ್ 11ರಂದು ಬಿಡುಗಡೆಯಾಯಿತು. ಬಾಗಿಲ ಮೇಲಿನ ಗಡಿಯಾರ ಇಂದಿಗೂ ಅಂದಿನ ಮೂರೂಕಾಲು ಗಂಟೆಯನ್ನೇ ತೋರಿಸುತ್ತದೆ. ಕೆಲವೇ ದಿನಗಳಲ್ಲಿ ಅಮೆರಿಕನ್ ಸೇನೆ ವೈಮಾರಿನ ಸುಮಾರು ಸಾವಿರ ನಾಗರಿಕರನ್ನು ಗುಡ್ಡ ಹತ್ತಿಸಿ ಹೆಣದ ರಾಶಿಗಳನ್ನು ತೋರಿಸಿತು. ತಮಗೇನೂ ಗೊತ್ತಿರಲಿಲ್ಲ ಎಂದವರೇ ಹೆಚ್ಚು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಸೋವಿಯತ್ ಆಡಳಿತ ಅದೇ ಬೇಲಿಯೊಳಗೆ ತನ್ನ ಸೆರೆಶಿಬಿರ ತೆರೆಯಿತು. 1950ರ ಹೊತ್ತಿಗೆ ಅಲ್ಲೂ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಇವರಲ್ಲಿ ಹಳೆಯ ನಾಜಿಗಳಿದ್ದರು, ಬರೀ ಗುಮಾನಿಯ ಮೇಲೆ ಸಿಕ್ಕಿಬಿದ್ದವರೂ ಇದ್ದರು. 1958ರಲ್ಲಿ ಪೂರ್ವ ಜರ್ಮನಿ ಭವ್ಯ ಸ್ಮಾರಕ ಕಟ್ಟಿ ಕಮ್ಯುನಿಸ್ಟ್ ಕೈದಿಗಳ ಸಾಹಸವನ್ನು ಕೊಂಡಾಡಿತು. ಈ ಎರಡನೆಯ ಶಿಬಿರದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಗೋಡೆ ಬಿದ್ದ ಮೇಲೆಯೇ ಕಾಡಿನೊಳಗಿನ ಆ ಸಮಾಧಿಗಳಿಗೆ ಉಕ್ಕಿನ ಕಂಬಗಳ ಗುರುತು ಬಂದದ್ದು.

ಈಗಿನ ಸ್ಮಾರಕಗಳಲ್ಲಿ ಒಂದು 1995ರದು. ಹಾಜರಿ ಮೈದಾನದ ನೆಲದಲ್ಲಿ ಹುದುಗಿಸಿದ ಲೋಹದ ಫಲಕ. ಅದರ ಮೇಲೆ ಕೈದಿಗಳ ಐವತ್ತಕ್ಕೂ ಹೆಚ್ಚು ಜನಾಂಗಗಳ, ದೇಶಗಳ ಹೆಸರು. ವರ್ಷವಿಡೀ ಅದನ್ನು 37 ಡಿಗ್ರಿ ಬಿಸಿಯಲ್ಲಿ, ಅಂದರೆ ಮನುಷ್ಯನ ಮೈಯ ಬಿಸುಪಿನಲ್ಲಿ ಇಡಲಾಗಿದೆ. ಚಳಿಗಾಲದಲ್ಲಿ ಮೈದಾನವೆಲ್ಲ ಹಿಮ ಹೊದ್ದಾಗ ಆ ಚೌಕದ ಮೇಲೆ ಮಾತ್ರ ಹಿಮ ಕರಗುತ್ತದೆ. ನೋಡಲು ಬಂದವರು ಬಗ್ಗಿ ಅಂಗೈ ಇಡುತ್ತಾರೆ.