ನಿಮಗಿದು ಗೊತ್ತೆ?: ಯಂತ್ರದ ಮೇಲೊಂದು ಹೃದಯ

ಐಸಿಯು ಮಾನಿಟರಿನಲ್ಲಿ ಇಸಿಜಿ ಕೇಬಲ್ ಸಿಕ್ಕಿಸುವ ಜಾಗದ ಪಕ್ಕ, ಚೌಕದೊಳಗೆ ಪುಟ್ಟ ಹೃದಯದ ಚಿತ್ರವಿರುತ್ತದೆ. ಅದು ಅಲಂಕಾರವಲ್ಲ. ಹೃದಯಕ್ಕೇ ನೇರವಾಗಿ ಜೋಡಿಸುವಷ್ಟು ವಿದ್ಯುತ್ ಸುರಕ್ಷತೆ ಆ ಜೋಡಣೆಗಿದೆ ಎಂಬ ಗುರುತು.

ಕರೆಂಟಿನಿಂದ ನಡೆಯುವ ಯಾವ ಯಂತ್ರದಲ್ಲೂ ಚೂರುಪಾರು ಸೋರಿಕೆ ಇದ್ದದ್ದೇ. ಚರ್ಮದ ಮೂಲಕ ಸುಮಾರು 1 ಮಿಲಿಆಂಪಿಯರ್ ಹರಿದಾಗಷ್ಟೇ ನಮಗೆ ಜುಮ್ಮೆನ್ನುತ್ತದೆ. ಆದರೆ ರಕ್ತನಾಳದೊಳಗಿಂದ ಹೃದಯ ಮುಟ್ಟಿದ ತಂತಿಯಲ್ಲಿ ಅದರ ಹತ್ತರಲ್ಲೊಂದು ಪಾಲು ಹರಿದರೂ ಬಡಿತ ತಾಳ ತಪ್ಪಬಹುದು. ಯಂತ್ರ ಮುಟ್ಟಿದ ನರ್ಸ್‌ಗೆ ಮಾತ್ರ ಏನೂ ಗೊತ್ತಾಗದು! ಅದಕ್ಕೇ ವೈದ್ಯಕೀಯ ವಿದ್ಯುತ್ ಯಂತ್ರಗಳ ಐಇಸಿ 60601 ಮಾನದಂಡ ಇಂಥ ಜೋಡಣೆಗೆ ಮಾಮೂಲಿಯಾಗಿ 10 ಮೈಕ್ರೊಆಂಪಿಯರ್, ಒಂದು ದೋಷವಿದ್ದಾಗ 50 ಮೈಕ್ರೊಆಂಪಿಯರ್ ಮಿತಿ ಹಾಕಿದೆ. ಪರೀಕ್ಷಿಸುವವರು ಬೇಕೆಂದೇ ಅರ್ಥಿಂಗ್ ತಪ್ಪಿಸಿಯೂ ಸೋರಿಕೆ ಅಳೆಯುತ್ತಾರೆ.

ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 1,200 ಮಂದಿ ವಿದ್ಯುತ್ ಆಘಾತಕ್ಕೆ ಬಲಿಯಾಗುತ್ತಾರೆಂದು 1971ರಲ್ಲಿ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಮಹಿಳಾ ಪತ್ರಿಕೆಯೊಂದರಲ್ಲಿ ಬರೆದರು. ಆ ಲೆಕ್ಕಕ್ಕೆ ಗಟ್ಟಿ ಪುರಾವೆ ಸಿಗಲೇ ಇಲ್ಲ. ಆದರೂ ಅದೆಬ್ಬಿಸಿದ ಗದ್ದಲ ಅಲ್ಲಿನ ಆಸ್ಪತ್ರೆಗಳಲ್ಲಿ ಬಯೊಮೆಡಿಕಲ್ ಎಂಜಿನಿಯರುಗಳ ವಿಭಾಗ ಬೆಳೆಯಲು ದೊಡ್ಡ ಕಾರಣವಾಯಿತು.

ಮುಂದಿನ ಪರೀಕ್ಷೆಯ ದಿನಾಂಕವನ್ನು ಅನೇಕ ಆಸ್ಪತ್ರೆಗಳು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸಿರುತ್ತವೆ. ಅವಧಿ ಮೀರಿದ್ದರೆ ಕೇಳಲು ಸಂಕೋಚ ಬೇಡ.