ಚಳಿಜ್ವರ, ಹೊಟ್ಟೆನೋವು, ಹಳದಿ ಕಣ್ಣು: ಬೆಳಗಾಗಲಿ ಅಂತ ಕಾಯಬೇಡಿ

ಹೊಟ್ಟೆ ನೋವು ಬಂದರೆ ನಾವು ಮೊದಲು ಹೇಳೋದು ‘ಗ್ಯಾಸ್’ ಅಂತ. ಜ್ವರ ಬಂದರೆ ಟೈಲೆನಾಲ್. ಕಣ್ಣು ಹಳದಿಯಾದರೆ ಊರಿಗೆ ಫೋನ್ ಮಾಡಿ ಕಾಮಾಲೆಗೆ ನಾಟಿ ಔಷಧಿ ಕೇಳ್ತೀವಿ. ಇಲ್ಲಿಯ ಆಸ್ಪತ್ರೆ ಬಿಲ್ ನೆನೆದು ಇನ್ನೊಂದು ದಿನ ತಳ್ತೀವಿ. ಈ ಮೂರೂ ಒಟ್ಟಿಗೆ ಬಂದಾಗ ಮಾತ್ರ ಹಾಗೆ ತಳ್ಳುವಂತಿಲ್ಲ.

ಲಿವರ್ ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಿಸುತ್ತದೆ. ಅದು ಪಿತ್ತನಾಳದಲ್ಲಿ ಹರಿದು ಕರುಳಿಗೆ ಸೇರುತ್ತದೆ. ಕರುಳಿನಲ್ಲಿರುವ ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಅಲ್ಲಿದ್ದಷ್ಟು ಕಾಲ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅವು ನಾಳ ಹತ್ತದಂತೆ ಹರಿಯುವ ಪಿತ್ತರಸವೇ ತೊಳೆದು ಕೆಳಕ್ಕೆ ತಳ್ಳುತ್ತಿರುತ್ತದೆ.

ಪಿತ್ತಕೋಶದ ಕಲ್ಲೊಂದು ಜಾರಿ ನಾಳಕ್ಕೆ ಅಡ್ಡ ಕೂತರೆ ಕಾಲುವೆ ಕಟ್ಟಿಕೊಂಡಂತೆ. ನಿಂತ ನೀರಿನಲ್ಲಿ ಪಾಚಿ ಬೆಳೆಯುವ ಹಾಗೆ, ನಿಂತ ಪಿತ್ತರಸದಲ್ಲಿ ಕರುಳಿನಿಂದ ಮೇಲೇರಿದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅತ್ತ ಪಿತ್ತರಸ ಸಿಗದ ಕರುಳಿನಲ್ಲೂ ಅವು ಹೆಚ್ಚಿ, ಕರುಳಿನ ಗೋಡೆ ಸಡಿಲವಾಗಿ, ರಕ್ತದ ಮೂಲಕವೂ ಲಿವರ್ ತಲುಪಬಹುದು. ನಾಳದೊಳಗಿನ ಒತ್ತಡ ಏರಿದಾಗ ಸೋಂಕು ರಕ್ತಕ್ಕೆ ನುಗ್ಗುತ್ತದೆ. ಮೈ ಗಡಗಡ ನಡುಗುವುದು ಅದಕ್ಕೇ.

ಚಳಿಜ್ವರ, ಬಲಪಕ್ಕೆಯ ಕೆಳಗೆ ನೋವು, ಕಾಮಾಲೆ: ಈ ಮೂರನ್ನು ಫ್ರಾನ್ಸಿನ ವೈದ್ಯ ಶಾರ್ಕೋ 1877ರಲ್ಲೇ ಗುರುತಿಸಿದ್ದರು. ಎಲ್ಲರಿಗೂ ಮೂರೂ ಕಾಣಿಸಲೇಬೇಕೆಂದಿಲ್ಲ. ವಯಸ್ಸಾದವರಲ್ಲಿ ಜ್ವರವೇ ಇಲ್ಲದಿರಬಹುದು. ಬಿ.ಪಿ. ಇಳಿದು ಮಾತು ತಡವರಿಸಿದರೆ ಪ್ರಾಣಾಪಾಯ. ತಕ್ಷಣ 911ಕ್ಕೆ ಕರೆ ಮಾಡಿ.

ಆಂಟಿಬಯೋಟಿಕ್ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಕಟ್ಟಿದ ನಾಳ ಬಿಡಿಸಬೇಕು. ಇ.ಆರ್.ಸಿ.ಪಿ. ವಿಧಾನದಲ್ಲಿ ಬಾಯಿಯ ಮೂಲಕ ಕೊಳವೆ ಇಳಿಸಿ, ಹೊಟ್ಟೆ ಕೊಯ್ಯದೆಯೇ ಕಲ್ಲು ತೆಗೆಯುತ್ತಾರೆ, ಇಲ್ಲವೇ ಸ್ಟೆಂಟ್ ಇಟ್ಟು ಹರಿವು ಬಿಡಿಸುತ್ತಾರೆ. ಕಷಾಯ ಕುಡಿದರೆ ಈ ಕಲ್ಲು ಸರಿಯುವುದಿಲ್ಲ.

ದುಡ್ಡಿನ ಮಾತಿಗೆ ಬರೋಣ. 1986ರ ಎಂಟಾಲಾ ಕಾಯ್ದೆಯಂತೆ, ಮೆಡಿಕೇರ್ ಪಡೆಯುವ ಆಸ್ಪತ್ರೆಗಳ ಎಮರ್ಜೆನ್ಸಿ ವಿಭಾಗ ಇನ್ಶೂರೆನ್ಸ್ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಪರೀಕ್ಷಿಸಿ, ಅಪಾಯ ತಪ್ಪಿಸುವ ಚಿಕಿತ್ಸೆ ಕೊಡಲೇಬೇಕು. ಬಿಲ್ ಆಮೇಲೆ ಬರುತ್ತೆ, ನಿಜ. ಆಗ ಆರ್ಥಿಕ ನೆರವಿನ ಅರ್ಜಿ ಕೇಳಿ. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಫ್ರೀಮಾಂಟ್, ಸನ್ನಿವೇಲ್‌ಗಳಿಗೆ ಮಕ್ಕಳ ಮನೆಗೆಂದು ಬಂದ ಅಪ್ಪ-ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ‘ಕನ್ನಡ ಇಂಟರ್‌ಪ್ರಿಟರ್ ಬೇಕು’ ಅನ್ನಿ. ಸಂಕೋಚ ಬೇಡ.

ಬಿಲ್ ಕಂತಿನಲ್ಲಾದರೂ ಕಟ್ಟಬಹುದು. ಮೊದಲು ಜೀವ ಉಳಿಯಲಿ.